ಗುಂಯ್‌ಗುಡುವ ಕೈ: ಡಯಾಲಿಸಿಸ್ ರೋಗಿಯ ಫಿಸ್ಟುಲಾ ಕಾಪಾಡಿಕೊಳ್ಳುವ ಬಗೆ

ಮೂತ್ರಪಿಂಡ ಸೋತವರ ರಕ್ತವನ್ನು ಶುದ್ಧ ಮಾಡುವ ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತವನ್ನು ಎಳೆದುಕೊಳ್ಳುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ ಲೆಕ್ಕ ಹಾಕಿದರೆ 72 ಲೀಟರ್, ಅಂದರೆ ಐದಾರು ತುಂಬಿದ ಕೊಡ. ಮೈಯಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ಅದೇ ರಕ್ತ ಹದಿನಾಲ್ಕು ಸುತ್ತು ಹೊರಗೆ ಹೋಗಿ ಶುದ್ಧವಾಗಿ ಒಳಗೆ ಬರಬೇಕು. ಜ್ವರ ಬಂದಾಗ ಗ್ಲೂಕೋಸ್ ಬಾಟಲಿ ಏರಿಸುವ ಮುಂಗೈಯ ಸಣ್ಣ ನರ ಇಷ್ಟು ರಕ್ತವನ್ನು ಕೊಡಲಾರದು. ಬಲವಂತವಾಗಿ ಎಳೆದರೆ ಗೋಡೆಗೆ ಗೋಡೆ ಅಂಟಿಕೊಂಡು ಕುಸಿಯುತ್ತದೆ.

ಹಾಗಾಗಿ ಡಯಾಲಿಸಿಸ್ ಎಂದರೆ ಬರೀ ಯಂತ್ರವಲ್ಲ. ರಕ್ತ ಹೊರಬಂದು ಒಳಹೋಗುವ ಒಂದು ದಾರಿಯೂ ಬೇಕು. ಕೈಯಲ್ಲಿ ಮಾಡುವ ಅಂಥ ದಾರಿಯೇ ಫಿಸ್ಟುಲಾ. ಯಂತ್ರ ಕೆಟ್ಟರೆ ಪಕ್ಕದ ಯಂತ್ರದಲ್ಲಿ ಕೂರಿಸುತ್ತಾರೆ. ದಾರಿ ಕೆಟ್ಟರೆ ಬದಲಿಗೆ ಇನ್ನೊಂದನ್ನು ಹುಡುಕಬೇಕು, ಮೈಯಲ್ಲಿ ಅಂಥ ಜಾಗಗಳು ಬೆರಳೆಣಿಕೆಯಷ್ಟೇ. ನಮ್ಮ ದೊಡ್ಡಪ್ಪನ ಮೂಲಕ ಇದನ್ನು ನಾವು ಕಲಿತೆವು, ಕೆಲವನ್ನು ತಡವಾಗಿ ಕಲಿತೆವು. ಆ ತಡ ಬೇರೆಯವರ ಮನೆಯಲ್ಲಿ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದ ಪ್ರಕಾರ ನರವೇ ಬೇರೆ, ರಕ್ತನಾಳವೇ ಬೇರೆ. ಆದರೆ ದಾವಣಗೆರೆಯ ಯಾವ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತರೂ ಕೇಳುವುದು "ನರ ಸಿಗುತ್ತಿಲ್ಲ", "ನರ ಬಾತುಕೊಂಡಿದೆ" ಎಂಬ ಮಾತೇ. ಇಲ್ಲೂ ಚರ್ಮದ ಕೆಳಗೆ ನೀಲಿಯಾಗಿ ಕಾಣುವ ರಕ್ತನಾಳವನ್ನು ನರ ಎಂದೇ ಕರೆಯುತ್ತೇನೆ. ಹೃದಯದಿಂದ ರಕ್ತವನ್ನು ರಭಸವಾಗಿ ತರುವ, ಆಳದಲ್ಲಿರುವ ನಾಳವನ್ನು ಅಪಧಮನಿ ಎನ್ನುತ್ತೇನೆ.

ದೊಡ್ಡಪ್ಪನದು ಮಲೇಬೆನ್ನೂರಿನ ಕಡೆಯ ಭತ್ತದ ಗದ್ದೆ, ಭದ್ರಾ ನಾಲೆಯ ನೀರು. ಫಿಸ್ಟುಲಾ ಎಂದರೇನು ಎಂದು ವೈದ್ಯರು ಚಿತ್ರ ಬರೆದು ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, "ದೊಡ್ಡ ನಾಲೆಯ ಏರಿ ಒಡೆದು ಪಕ್ಕದ ಹೊಲಗಾಲುವೆಗೆ ನೇರವಾಗಿ ನೀರು ನುಗ್ಗಿಸಿದ ಹಾಗೆ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಅಪಧಮನಿ ದೊಡ್ಡ ನಾಲೆ, ಅಲ್ಲಿ ರಭಸ ಹೆಚ್ಚು. ನರ ಹೊಲಗಾಲುವೆ, ಅಲ್ಲಿ ನಿಧಾನ ಹರಿವು. ಮಣಿಕಟ್ಟಿನಲ್ಲೋ ಮೊಣಕೈಯ ಮಡಿಕೆಯಲ್ಲೋ ಎರಡನ್ನೂ ಹೊಲಿದು ಸೇರಿಸಿದರೆ ನಾಲೆಯ ರಭಸ ಕಾಲುವೆಗೆ ಇಳಿಯುತ್ತದೆ. ಆ ಒತ್ತಡಕ್ಕೆ ನರ ದಿನದಿಂದ ದಿನಕ್ಕೆ ಅಗಲವಾಗುತ್ತದೆ, ಅದರ ಗೋಡೆ ದಪ್ಪವಾಗುತ್ತದೆ. ಆಗ ಅದಕ್ಕೆ ದಪ್ಪ ಸೂಜಿಯನ್ನು ವಾರಕ್ಕೆ ಮೂರು ಸಲ ಚುಚ್ಚಿದರೂ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ಮತ್ತೆ ಮತ್ತೆ ಬಳಸಬಹುದಾದ ದಾರಿ ಸಿಗುವವರೆಗೆ ಡಯಾಲಿಸಿಸ್ ದೀರ್ಘಕಾಲದ ಚಿಕಿತ್ಸೆಯಾಗಿರಲಿಲ್ಲ. ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್ 1943ರಲ್ಲೇ ಕೃತಕ ಮೂತ್ರಪಿಂಡದ ಯಂತ್ರ ಕಟ್ಟಿದ್ದರು. ಆದರೆ ಪ್ರತಿ ಸಲವೂ ಹೊಸದಾಗಿ ಅಪಧಮನಿಯನ್ನು ಕೊಯ್ಯಬೇಕಾಗಿದ್ದರಿಂದ ಕೆಲವೇ ಸರದಿಗಳಲ್ಲಿ ಜಾಗ ಮುಗಿದುಹೋಗುತ್ತಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಟೆಫ್ಲಾನ್ ಕೊಳವೆಗಳನ್ನು ಕೈಯಲ್ಲೇ ಬಿಟ್ಟು, ಹೊರಗಡೆ ಜೋಡಿಸಿಡುವ ದಾರಿ ಕಂಡುಕೊಂಡರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಅದರ ಬಲದಿಂದ ಹನ್ನೊಂದು ವರ್ಷ ಬದುಕಿದರು. ಆದರೂ ಹೊರಗಿದ್ದ ಕೊಳವೆಗೆ ಸೋಂಕು ತಗಲುತ್ತಿತ್ತು, ಅದು ಕಟ್ಟಿಕೊಳ್ಳುತ್ತಿತ್ತು. 1966ರಲ್ಲಿ ನ್ಯೂಯಾರ್ಕ್‌ನ ಬ್ರೆಷಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಹೊರಗಿನ ಕೊಳವೆಯೇ ಬೇಡದಂತೆ ಮಣಿಕಟ್ಟಿನಲ್ಲಿ ಅಪಧಮನಿ ಮತ್ತು ನರವನ್ನು ಸೇರಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಆಮೇಲೆ ಯಂತ್ರಗಳು ಎಷ್ಟೋ ಬದಲಾದವು. ಕೈಯ ಈ ಹೊಲಿಗೆ ಮಾತ್ರ ಇಂದಿಗೂ ಎಲ್ಲಕ್ಕಿಂತ ಒಳ್ಳೆಯ ದಾರಿಯಾಗಿಯೇ ಉಳಿದಿದೆ.

ಇನ್ನೆರಡು ದಾರಿಗಳೂ ಇವೆ. ನರಗಳು ತೀರಾ ಸಣ್ಣವಾಗಿದ್ದರೆ ಚರ್ಮದ ಕೆಳಗೆ ಕೃತಕ ಕೊಳವೆ ಕೂರಿಸುತ್ತಾರೆ, ಅದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ಎರಡು ಮೂರು ವಾರಗಳಲ್ಲೇ ಅದನ್ನು ಬಳಸಬಹುದು, ಆದರೆ ಸ್ವಂತ ನರಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ, ಸೋಂಕೂ ಹೆಚ್ಚು. ಮತ್ತೊಂದು ಕ್ಯಾಥೆಟರ್, ಜನರ ಬಾಯಲ್ಲಿ ಕತ್ತಿನ ಪೈಪು. ತುರ್ತಿನಲ್ಲಿ ಜೀವ ಉಳಿಸುವುದು ಇದೇ. ಆದರೆ ಹೊರಗಿನ ಗಾಳಿಗೂ ಹೃದಯದ ಬಳಿಯ ರಕ್ತಕ್ಕೂ ನಡುವೆ ಒಂದು ಮುಚ್ಚಳ ಮಾತ್ರ ಇರುವ ದಾರಿ ಅದು. ರೋಗಾಣು ಒಳಹೊಕ್ಕರೆ ನೇರ ರಕ್ತಕ್ಕೇ ಹೋಗುತ್ತದೆ. ಪೈಪು ಇರುವವರಿಗೆ ಡಯಾಲಿಸಿಸ್ ನಡೆಯುವಾಗ ಚಳಿ ನಡುಕದ ಜ್ವರ ಬಂದರೆ ಅದನ್ನು ಮಾಮೂಲಿ ಜ್ವರ ಎಂದು ಮಾತ್ರೆ ನುಂಗಿ ಮಲಗಬಾರದು, ಅಂದೇ ರಕ್ತ ಪರೀಕ್ಷೆಯಾಗಬೇಕು. ಪೈಪಿನ ಸುತ್ತಲಿನ ಪಟ್ಟಿ ನೆನೆಯಬಾರದು, ತಲೆಯ ಮೇಲಿಂದ ಸ್ನಾನ ಮಾಡಬಾರದು. ಡಯಾಲಿಸಿಸ್ ಘಟಕದವರನ್ನು ಬಿಟ್ಟು ಬೇರೆ ಯಾರೂ ಆ ಮುಚ್ಚಳ ತೆರೆಯಬಾರದು, ಅದರಲ್ಲಿ ಗ್ಲೂಕೋಸ್ ಏರಿಸಬಾರದು.

ದೊಡ್ಡಪ್ಪ ಶುರು ಮಾಡಿದ್ದು ಕತ್ತಿನ ಪೈಪಿನಿಂದಲೇ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋಲುತ್ತಿದೆ, ಈಗಲೇ ಫಿಸ್ಟುಲಾ ಮಾಡಿಸಿ ಎಂದು ವೈದ್ಯರು ಹೇಳಿ ಆರು ತಿಂಗಳಾಗಿತ್ತು. "ಭತ್ತದ ಕಟಾವು ಮುಗಿಯಲಿ" ಎಂದರು, ಆಮೇಲೆ "ಬೇಸಿಗೆ ಬೆಳೆ ನಾಟಿ ಮುಗಿಯಲಿ" ಎಂದರು. ನಿಜವಾಗಿ ಅವರಿಗಿದ್ದದ್ದು ಭಯ. ಫಿಸ್ಟುಲಾ ಮಾಡಿಸಿಕೊಂಡರೆ ಡಯಾಲಿಸಿಸ್‌ಗೆ ಒಪ್ಪಿಕೊಂಡ ಹಾಗೆ ಎಂಬ ಭಾವನೆ. ಈ ಭಾವನೆ ಬಹಳ ಜನರಲ್ಲಿದೆ, ಅದನ್ನು ಹಗುರವಾಗಿ ನೋಡಬಾರದು. ಆದರೆ ಫಿಸ್ಟುಲಾ ಬಲಿಯಲು ಕನಿಷ್ಠ ಆರು ವಾರ ಬೇಕು, ಕೆಲವರಿಗೆ ಮೂರು ತಿಂಗಳೂ ಬೇಕು. ಮಾಡಿದ್ದೆಲ್ಲ ಬಲಿಯುತ್ತದೆ ಎಂಬ ಖಾತರಿಯೂ ಇಲ್ಲ. ಒಂದು ರಾತ್ರಿ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ ಮೇಲೆ ಆ ಆರು ವಾರ ಯಾರ ಕೈಯಲ್ಲೂ ಇರುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ನಡೆದಿತ್ತು. ಅದಕ್ಕೂ ಹಿಂದೆ ವಾಂತಿಭೇದಿಯಾಗಿ ಒಂದು ಆಸ್ಪತ್ರೆಯಲ್ಲಿ ವಾರ ಮಲಗಿದ್ದಾಗ ಅವರ ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದರ ಮೇಲೊಂದು ಸೂಜಿ ಬದಲಿಸಿ ಬಾಟಲಿ ಏರಿಸಿದ್ದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ನರ ಚೆನ್ನಾಗಿ ಕಂಡಲ್ಲಿ ಚುಚ್ಚಿದರು. ಆಮೇಲೆ ಫಿಸ್ಟುಲಾಕ್ಕೆಂದು ಡಾಪ್ಲರ್ ಪರೀಕ್ಷೆ (ರಕ್ತದ ಹರಿವು ನೋಡುವ ಸ್ಕ್ಯಾನಿಂಗ್) ಮಾಡಿದಾಗ ಆ ನರ ಒಳಗೇ ಗಟ್ಟಿಯಾಗಿ ದಾರದಂತಾಗಿತ್ತು. ಮಣಿಕಟ್ಟಿನ ಜಾಗ ಕೈತಪ್ಪಿತು, ನೇರ ಮೊಣಕೈಗೆ ಹೋಗಬೇಕಾಯಿತು. ಶಸ್ತ್ರತಜ್ಞರು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಲು ಬಯಸುತ್ತಾರೆ. ಮಣಿಕಟ್ಟಿನದು ಹೋದರೆ ಮೊಣಕೈ ಉಳಿದಿರುತ್ತದೆ, ಮೊಣಕೈಯಿಂದಲೇ ಶುರು ಮಾಡಿದರೆ ಒಂದು ಮೆಟ್ಟಿಲು ಕಳೆದುಕೊಂಡಂತೆ.

ಆದ್ದರಿಂದ ಫಿಸ್ಟುಲಾ ಕಾಪಾಡುವ ಕೆಲಸ ಫಿಸ್ಟುಲಾ ಆಗುವ ಮೊದಲೇ ಶುರುವಾಗುತ್ತದೆ. ಮೂತ್ರಪಿಂಡದ ಕೆಲಸ ಶೇಕಡಾ 30ಕ್ಕಿಂತ ಕೆಳಗೆ ಇಳಿದಿದೆ ಎಂದು ವೈದ್ಯರು ಹೇಳಿದ ದಿನದಿಂದ ಒಂದು ಕೈಯನ್ನು ಮೀಸಲಿಡಬೇಕು. ಬಲಗೈ ರೂಢಿಯವರಿಗೆ ಎಡಗೈ, ಎಡಚರಿಗೆ ಬಲಗೈ. ಆ ಕೈಗೆ ಸೂಜಿ ಬೇಡ, ರಕ್ತ ತೆಗೆಯುವುದು ಬೇಡ. ರಕ್ತ ಬೇಕೇ ಬೇಕೆಂದರೆ ಇನ್ನೊಂದು ಕೈಯ ಅಂಗೈ ಹಿಂಭಾಗದ ನರದಿಂದ ತೆಗೆಯಲಿ. ಹಳ್ಳಿಗಳಲ್ಲಿ ಸುಸ್ತು ಎಂದರೆ ಸಾಕು, ಒಂದು ಬಾಟಲಿ ಏರಿಸಿಕೊಂಡು ಬರುವ ರೂಢಿಯಿದೆ. ಮೂತ್ರಪಿಂಡದ ರೋಗಿಗೆ ಆ ಬಾಟಲಿಯ ನೀರೂ ಕೆಡುಕು, ಚುಚ್ಚಿದ ನರವೂ ನಷ್ಟ. "ಈ ಕೈ ಬೇಡ" ಎಂದು ಹೇಳುವುದಕ್ಕೆ ರೋಗಿಯಾಗಲಿ ಮನೆಯವರಾಗಲಿ ಸಂಕೋಚಪಡಬಾರದು. ವೈದ್ಯರ ಎದುರು ಬಾಯಿ ತೆರೆಯುವುದು ನಮ್ಮ ಕಡೆಯ ಹಿರಿಯರಿಗೆ ಕಷ್ಟ, ನನಗೆ ಗೊತ್ತು. ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟರೂ ಸಾಕು.

ಫಿಸ್ಟುಲಾ ಆದ ಮೇಲೆ ನಿತ್ಯದ ಪರೀಕ್ಷೆ ಹತ್ತು ಸೆಕೆಂಡಿನದು. ಹೊಲಿಗೆಯ ಗುರುತಿನ ಮೇಲೆ ಮೂರು ಬೆರಳು ಹಗುರವಾಗಿ ಇಟ್ಟರೆ ಒಳಗೆ ಸಣ್ಣಗೆ ನಡುಗುವುದು ತಿಳಿಯುತ್ತದೆ. ಕಿವಿಗೆ ಹಿಡಿದರೆ ಜೇನುಗೂಡಿನ ಪಕ್ಕ ನಿಂತಂತೆ ಗುಂಯ್ ಎನ್ನುವ, ಕಡಿಯದ ಸದ್ದು. ನಾಲೆಯ ನೀರು ಕಾಲುವೆಗೆ ಧುಮುಕಿ ಸುಳಿಯುವಾಗ ಏಳುವ ಸದ್ದೇ ಅದು. ಆ ಗುಂಯ್ ಇದ್ದರೆ ಹರಿವು ಇದೆ. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ತಲೆಸುತ್ತು ಬಂದು ಎದ್ದಾಗ, ಡಯಾಲಿಸಿಸ್ ಮುಗಿದ ಮೇಲೆ ಮುಟ್ಟಿ ನೋಡಬೇಕು. ನಿತ್ಯ ಮುಟ್ಟುವವರ ಬೆರಳಿಗೆ ಅದರ ಮಾಮೂಲಿ ಬಡಿತ ಪರಿಚಯವಾಗಿರುತ್ತದೆ. ಬದಲಾದರೆ ಮೊದಲು ಗೊತ್ತಾಗುವುದು ಅವರಿಗೇ, ಯಾವ ಸ್ಕ್ಯಾನಿಂಗ್ ಯಂತ್ರಕ್ಕೂ ಅಲ್ಲ.

ನಾವು ಕಳೆದುಕೊಂಡ ಕಥೆ ಹೀಗೆ. ಮೊಣಕೈಯ ಫಿಸ್ಟುಲಾ ಒಂದೂವರೆ ವರ್ಷ ಚೆನ್ನಾಗಿ ನಡೆದಿತ್ತು. ಒಂದು ಶನಿವಾರ ರಾತ್ರಿಯಿಡೀ ದೊಡ್ಡಪ್ಪನಿಗೆ ಭೇದಿ. ಭಾನುವಾರ ಬೆಳಿಗ್ಗೆ ಕೈ ಮುಟ್ಟಿ, "ಸದ್ದು ಕಡಿಮೆಯಾಗಿದೆ" ಎಂದರು. ಮಧ್ಯಾಹ್ನದ ಹೊತ್ತಿಗೆ ಸದ್ದೇ ಇರಲಿಲ್ಲ. ಹೇಗೂ ಮಂಗಳವಾರ ಡಯಾಲಿಸಿಸ್ ಇದೆಯಲ್ಲ, ಅಲ್ಲೇ ತೋರಿಸೋಣ ಎಂದು ನಾವೆಲ್ಲ ಕೂಡಿ ತೀರ್ಮಾನಿಸಿದೆವು. ದೊಡ್ಡಮ್ಮ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಮಂಗಳವಾರದ ಹೊತ್ತಿಗೆ ಒಳಗಿನ ರಕ್ತ ಗಟ್ಟಿಯಾಗಿ ಹಗ್ಗದಂತೆ ಬಿಗಿದಿತ್ತು. ಭಾನುವಾರವೇ ತಲುಪಿದ್ದರೆ ಹೆಪ್ಪು ತೆಗೆದು ಉಳಿಸುವ ಪ್ರಯತ್ನ ಮಾಡಬಹುದಿತ್ತು. ಗುಂಯ್ ನಿಂತ ಗಳಿಗೆಯೇ ತುರ್ತು, ಭಾನುವಾರವಾದರೂ ಹಬ್ಬವಾದರೂ ಅಂದೇ ಫೋನ್ ಮಾಡಿ ಹೊರಡಬೇಕು. ತಿಕ್ಕಬಾರದು, ಶಾಖ ಕೊಡಬಾರದು. ಆ ಮಂಗಳವಾರ ಮತ್ತೆ ಕತ್ತಿಗೆ ಪೈಪು ಬಂತು.

ಭೇದಿಗೂ ಕೈಯ ನರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದೊತ್ತಡ ಬೀಳುತ್ತದೆ. ನಾಲೆಯಲ್ಲಿ ಮಟ್ಟ ಇಳಿದರೆ ಕಾಲುವೆಯಲ್ಲಿ ನೀರು ನಿಲ್ಲುವುದು ಸಹಜ, ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಡಯಾಲಿಸಿಸ್ ಕುರ್ಚಿಯಲ್ಲೂ ಹೀಗೆಯೇ ಆಗುತ್ತದೆ. ಎರಡು ಸರದಿಗಳ ನಡುವೆ ಮೂರು ನಾಲ್ಕು ಕಿಲೋ ನೀರು ಸೇರಿಸಿಕೊಂಡು ಬಂದರೆ ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ಹಿಂಡಿ ತೆಗೆಯಬೇಕು. ಒತ್ತಡ ದಿಢೀರನೆ ಬೀಳುತ್ತದೆ, ಕಾಲು ಸೆಳೆಯುತ್ತದೆ, ಫಿಸ್ಟುಲಾದ ಹರಿವು ಕುಗ್ಗುತ್ತದೆ. ಮಂಡಕ್ಕಿ ಮೆಣಸಿನಕಾಯಿ ನಮ್ಮೂರಿನ ಜೀವ, ಬೇಡ ಎನ್ನಲು ನನಗೂ ಸಂಕಟ. ಆದರೆ ಆ ಉಪ್ಪು ದಾಹ ತರುತ್ತದೆ, ದಾಹ ನೀರು ಕುಡಿಸುತ್ತದೆ, ಆ ನೀರು ಕೊನೆಗೆ ಕೈಯ ನರದ ಮೇಲೆ ಬಂದು ಕೂರುತ್ತದೆ. ನಾಲಿಗೆಯ ಉಪ್ಪು ಕಡಿಮೆ ಮಾಡುವುದೂ ಫಿಸ್ಟುಲಾದ ಆರೈಕೆಯೇ.

ಫಿಸ್ಟುಲಾ ಒಮ್ಮೆಲೇ ಸಾಯುವುದು ಅಪರೂಪ. ಬಹುಪಾಲು ಸಲ ಒಳಗೆ ಎಲ್ಲೋ ಒಂದು ಕಡೆ ನರದ ಗೋಡೆ ದಪ್ಪವಾಗುತ್ತಾ ದಾರಿ ಕಿರಿದಾಗುತ್ತಾ ಬರುತ್ತದೆ, ಹೂಳು ತುಂಬಿದ ಕಾಲುವೆಯ ಹಾಗೆ. ಇದಕ್ಕೆ ಮುನ್ಸೂಚನೆಗಳಿವೆ. ನವಿರಾದ ನಡುಕದ ಬದಲು ನಾಡಿಯಂತೆ ಧಡ್ ಧಡ್ ಎಂದು ಬಡಿಯತೊಡಗುತ್ತದೆ. ಗುಂಯ್ ಸದ್ದು ಸಿಳ್ಳೆಯಂತೆ ಕೀರಲಾಗುತ್ತದೆ. ಸೂಜಿ ತೆಗೆದ ಮೇಲೆ ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ರಕ್ತ ಅರ್ಧ ಗಂಟೆಯಾದರೂ ಒಸರುತ್ತದೆ. ಮುಂದೆ ದಾರಿ ಕಟ್ಟಿದ್ದರಿಂದ ಹಿಂದೆ ಒತ್ತಡ ಏರಿದೆ ಎಂಬುದರ ಗುರುತು ಅದು. ಕೈ ಊದಿಕೊಳ್ಳಬಹುದು. ಯಂತ್ರದ ಪರದೆಯಲ್ಲಿ ರಕ್ತ ಮರಳುವ ಕಡೆಯ ಒತ್ತಡ ಸರದಿಯಿಂದ ಸರದಿಗೆ ಏರುತ್ತಿರಬಹುದು. ಅದನ್ನು ಟೆಕ್ನೀಷಿಯನ್ ಅವರನ್ನು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯೂ ಇದೆ. ಮಲಗಿ ಫಿಸ್ಟುಲಾದ ಕೈಯನ್ನು ಮೇಲಕ್ಕೆತ್ತಿದಾಗ ಉಬ್ಬಿದ ನರ ಕುಸಿಯಬೇಕು. ಎತ್ತಿದರೂ ಉಬ್ಬಿಯೇ ಇದ್ದರೆ ಮುಂದೆ ಎಲ್ಲೋ ಅಡ್ಡಿ ಇದೆ, ತೋರಿಸಿ.

ಹೀಗೆ ಮೊದಲೇ ಸಿಕ್ಕಿಬಿದ್ದರೆ ನರದೊಳಗೆ ಸಣ್ಣ ಬಲೂನ್ ತೂರಿಸಿ ಉಬ್ಬಿಸಿ ಕಿರಿದಾದ ಜಾಗವನ್ನು ಅಗಲಿಸಬಹುದು. ದೊಡ್ಡಪ್ಪನ ಎರಡನೆಯ ಫಿಸ್ಟುಲಾ ಬಲಗೈ ಮಣಿಕಟ್ಟಿನದು. ಊಟ ಮಾಡುವ ಕೈ ಅದು, ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ಅಲ್ಲಾಡಿಸುವಂತಿಲ್ಲ, ದೊಡ್ಡಮ್ಮ ಪಕ್ಕದಲ್ಲಿ ಕುಳಿತು ಇಡ್ಲಿ ಮುರಿದು ತಿನ್ನಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಸತತ ಮೂರು ಸರದಿ ರಕ್ತ ನಿಲ್ಲಲು ತಡವಾದದ್ದನ್ನು ದೊಡ್ಡಮ್ಮ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ಅದನ್ನು ನೋಡಿಯೇ ವೈದ್ಯರು ಬಲೂನ್ ಚಿಕಿತ್ಸೆಗೆ ಕಳಿಸಿದರು, ಫಿಸ್ಟುಲಾ ಉಳಿಯಿತು.

ಕೈ ತಣ್ಣಗಾಗುವ ತೊಂದರೆಯನ್ನೂ ಹೇಳಬೇಕು. ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮೇಲಿನ ತೂಬಿನಲ್ಲಿ ಹೆಚ್ಚು ನೀರು ಹರಿದುಹೋದರೆ ಕೊನೆಯ ಗದ್ದೆ ಒಣಗುತ್ತದೆ. ಫಿಸ್ಟುಲಾ ಹೆಚ್ಚು ರಕ್ತ ಸೆಳೆದುಕೊಂಡರೆ ಬೆರಳುಗಳಿಗೆ ಕೊರತೆಯಾಗುತ್ತದೆ. ಬೆರಳು ತಣ್ಣಗಾಗಿ ಬಿಳಿಚುವುದು, ಜೋಮು, ಡಯಾಲಿಸಿಸ್ ಸಮಯದಲ್ಲಿ ನೋವು ಹೆಚ್ಚುವುದು ಇದರ ಗುರುತು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಬೆರಳ ತುದಿ ಕಪ್ಪಾಗುವವರೆಗೆ ಕಾಯಬಾರದು.

ಸೂಜಿಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಪ್ರತಿ ಸರದಿಗೂ ಎರಡು ಸೂಜಿ, ಒಂದು ರಕ್ತ ಎಳೆಯಲು, ಇನ್ನೊಂದು ಮರಳಿಸಲು. ಚುಚ್ಚಿದ ಜಾಗದಲ್ಲೇ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿ ಚರ್ಮ ಮರಗಟ್ಟಿ ನೋವು ಕಡಿಮೆಯಾಗುತ್ತದೆ, ಆದ್ದರಿಂದ ರೋಗಿಗಳೇ "ಅಲ್ಲೇ ಹಾಕಿ ಸಿಸ್ಟರ್" ಎಂದು ಕೇಳುತ್ತಾರೆ. ಆದರೆ ಅಲ್ಲಿ ಗೋಡೆ ಸಡಿಲವಾಗಿ ಗುಳ್ಳೆಯಂತೆ ಉಬ್ಬುತ್ತದೆ, ಎರಡು ಉಬ್ಬಿನ ನಡುವೆ ದಾರಿ ಕಿರಿದಾಗುತ್ತದೆ. ಏಣಿಯ ಮೆಟ್ಟಿಲು ಹತ್ತಿದಂತೆ ಪ್ರತಿ ಸಲ ಸ್ವಲ್ಪ ಮುಂದಕ್ಕೆ ಸರಿಯುತ್ತಾ, ನರದ ಉದ್ದಕ್ಕೂ ಜಾಗ ಹಂಚಿಕೊಳ್ಳುವುದೇ ಸರಿ. ನೋವು ಸಹಿಸಲಾಗದಿದ್ದರೆ ಮರಗಟ್ಟಿಸುವ ಮುಲಾಮನ್ನು ವೈದ್ಯರಲ್ಲಿ ಕೇಳಬಹುದು. ಕುರ್ಚಿಗೆ ಏರುವ ಮೊದಲು ಕೈಯನ್ನು ಸೋಪು ಹಚ್ಚಿ ತೊಳೆಯುವುದು ರೋಗಿಯದೇ ಕೆಲಸ, ಚರ್ಮದ ಮೇಲಿನ ರೋಗಾಣುಗಳೇ ಸೂಜಿಯ ಜೊತೆ ಒಳಹೋಗುವುದು. ಸೂಜಿ ತೆಗೆದ ಮೇಲೆ ಎರಡು ಬೆರಳಿನಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು, ನಡುನಡುವೆ ಎತ್ತಿ ನೋಡಬಾರದು. ಗುಂಯ್ ನಿಲ್ಲುವಷ್ಟು ಬಿಗಿಯಾಗಿ ಒತ್ತಲೂಬಾರದು, ಪಟ್ಟಿಯನ್ನು ಕೈಯ ಸುತ್ತ ಬಿಗಿದು ಕಟ್ಟಿಕೊಂಡು ಊರಿಗೆ ಹೋಗಲೂಬಾರದು. ಗಾಯಕ್ಕೆ ಅರಿಶಿನ, ಸೊಪ್ಪಿನ ರಸ ಬೇಡ.

ಉಳಿದ ಎಚ್ಚರಗಳೆಲ್ಲ ಒಂದೇ ಮಾತಿನಲ್ಲಿ ಅಡಗಿವೆ: ಆ ಕೈಯನ್ನು ಯಾವುದೂ ಹಿಸುಕಬಾರದು. ಬಿಪಿ ನೋಡುವ ಪಟ್ಟಿ, ಬಿಗಿ ಗಡಿಯಾರ, ಬಿಗಿ ಬಳೆ, ರವಿಕೆಯ ಬಿಗಿ ತೋಳು, ತಾಯಿತದ ದಾರ, ಚೀಲದ ಹಿಡಿ, ತಲೆಯ ಕೆಳಗೆ ಕೈ ಮಡಚಿ ಮಲಗುವುದು, ಯಾವುದೂ ಬೇಡ. ಹರಿಹರದಿಂದ ಬರುವ ಬೆಳಗಿನ ಬಸ್ಸಿನಲ್ಲಿ ನೂಕುನುಗ್ಗಲಿದ್ದಾಗ ದೊಡ್ಡಪ್ಪ ಆ ಕೈಯನ್ನು ಎದೆಗೆ ಒತ್ತದಂತೆ ಹಿಡಿದುಕೊಂಡು ಇನ್ನೊಂದರಿಂದ ಕಂಬಿ ಹಿಡಿಯುತ್ತಾರೆ. ಆದರೆ ಕೈಯನ್ನು ಬಳಸದೆ ಸುಮ್ಮನಿಡಬೇಕಾಗಿಲ್ಲ. ಶಸ್ತ್ರಕ್ರಿಯೆಯ ಗಾಯ ಮಾಗಿದ ಮೇಲೆ ಮೆತ್ತನೆಯ ಚೆಂಡನ್ನು ಹಿಸುಕುವ ವ್ಯಾಯಾಮವನ್ನು ವೈದ್ಯರೇ ಹೇಳುತ್ತಾರೆ. ಭತ್ತದ ಮೂಟೆ ಎತ್ತುವುದು ಬೇಡ, ಅಷ್ಟೇ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತಿದೆ, ಯಂತ್ರಗಳು ತಾಲೂಕು ಆಸ್ಪತ್ರೆಗಳಿಗೂ ಬಂದಿವೆ. ಇದು ದೊಡ್ಡ ಸಮಾಧಾನ. ಆದರೆ ರಕ್ತನಾಳದ ಶಸ್ತ್ರತಜ್ಞರು ಪ್ರತಿ ತಾಲೂಕಿನಲ್ಲೂ ಇರುವುದಿಲ್ಲ. ಮೊಳಕಾಲ್ಮೂರಿನವರಿಗಾಗಲಿ ಹೊಸದುರ್ಗದವರಿಗಾಗಲಿ ಫಿಸ್ಟುಲಾ ನಿಂತ ದಿನ ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ನಿಲ್ಲುವ ಮೊದಲೇ ಗೊತ್ತಿರಬೇಕು. ಮುಂದಿನ ಸರದಿಗೆ ಹೋದಾಗಲೇ ಕೇಳಿ ಗೋಡೆಯ ಮೇಲೆ ಬರೆದಿಡಿ.

ಕೊನೆಗೊಂದು ಅಪರೂಪದ, ಆದರೆ ಜೀವ ತೆಗೆಯುವ ಅಪಾಯ. ಉಬ್ಬಿದ ನರದ ಮೇಲಿನ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಸೂಜಿ ಚುಚ್ಚಿ ಹಕ್ಕಳೆ ಕಟ್ಟಿದ ಗಾಯ ಮಾಯದೆ ಹುಣ್ಣಾದರೆ, ನಡುನಡುವೆ ತಾನಾಗಿ ರಕ್ತ ಜಿನುಗಿದರೆ ಅದು ಒಡೆಯುವ ಸೂಚನೆ, ಅದೇ ದಿನ ತೋರಿಸಬೇಕು. ಒಡೆದರೆ ರಕ್ತ ಚಿಮ್ಮುತ್ತದೆ, ಕೆಲವೇ ನಿಮಿಷಗಳ ಕಾಲಾವಕಾಶ. ಟವೆಲ್ ಮೇಲೆ ಟವೆಲ್ ಸುತ್ತುತ್ತಾ ಹೋದರೆ ಬಟ್ಟೆ ರಕ್ತ ಹೀರುತ್ತದೆಯೇ ಹೊರತು ಅದು ನಿಲ್ಲುವುದಿಲ್ಲ. ತೂತಿನ ಮೇಲೆಯೇ ಬೆರಳಿಟ್ಟು ಗಟ್ಟಿಯಾಗಿ ಒತ್ತಬೇಕು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಬೇಕು, ಮಲಗಿಸಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಬೆರಳು ತೆಗೆಯಬಾರದು. ದೊಡ್ಡಮ್ಮ ಇದನ್ನು ಆಸ್ಪತ್ರೆಯ ಸಿಸ್ಟರ್ ಮುಂದೆ ಒಮ್ಮೆ ಮಾಡಿ ತೋರಿಸಿ, ಸರಿಯೇ ಎಂದು ಕೇಳಿ ಬಂದಿದ್ದಾರೆ. ಪಕ್ಕದ ಮನೆಯ ಕಾಲೇಜು ಹುಡುಗನಿಗೂ ಕಲಿಸಿದ್ದಾರೆ, ಅವರು ಸಂತೆಗೆ ಹೋದಾಗ ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎಂದು.